ಕೊಕ್ಕೆಗೆ ಬರುವ ಮೊದಲೇ ಖಾಲಿಯಾಗುವ ಕಾರುಗಳು

ನಿನ್ನೆ ಸಂಜೆ ಹಾಲು ಮತ್ತು ಕೊತ್ತಂಬರಿ ಸೊಪ್ಪು ತರಲೆಂದು ನಮ್ಮ ಬಡಾವಣೆಯ ಸೂಪರ್ ಮಾರ್ಕೆಟ್ಟಿಗೆ ಹೋದವನು ಎರಡನ್ನೂ ಮರೆತು, ಮೈಯೆಲ್ಲ ಉರಿದುಕೊಂಡು ಮನೆಗೆ ಬಂದೆ. ಕಾರಣವೇನೆಂದು ನನ್ನನ್ನು ಬಲ್ಲವರು ಆಗಲೇ ಊಹಿಸಿರುತ್ತೀರಿ. ಹೌದು, ಮತ್ತೆ ಹಾಟ್ ವೀಲ್ಸ್, ನಾನು ಕೂಡಿಡುವ ಆ ಬೆರಳುದ್ದದ ಲೋಹದ ಆಟಿಕೆ ಕಾರುಗಳು. ಐವತ್ತರ ಹತ್ತಿರ ಬಂದ ಬ್ಯಾಂಕ್ ನೌಕರನಿಗೆ ಇದೆಂಥ ಹುಚ್ಚು ಎಂದು ಹೊಸದಾಗಿ ಕೇಳುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಹಳಬರಿಗೆ ನಮ್ಮ ಮನೆಯ ಷೋಕೇಸು ಗೊತ್ತು, ಅದರಿಂದ ಬೆಳ್ಳಿ ಲೋಟಗಳು ಒಂದೊಂದಾಗಿ ಬೀರುವಿಗೆ ವರ್ಗವಾದ ಕಥೆಯೂ ಗೊತ್ತು.

ನಡೆದದ್ದು ಇಷ್ಟು. ಆಟಿಕೆಗಳ ಸಾಲಿನ ಕೊನೆಯಲ್ಲಿ, ಬಟ್ಟೆ ಸೋಪಿನ ರಾಶಿಯ ಪಕ್ಕ, ಆಗಷ್ಟೇ ಬಿಚ್ಚಿದ ರಟ್ಟಿನ ಪೆಟ್ಟಿಗೆಯ ಮುಂದೆ ಯುವಕನೊಬ್ಬ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಒಂದೊಂದೇ ಕಾರ್ಡನ್ನು ಎತ್ತಿ, ಪ್ಲಾಸ್ಟಿಕ್ ಮುಚ್ಚಳದೊಳಗಿನ ಕಾರಿನ ಟೈರು ನೋಡಿ, ಬಣ್ಣ ನೋಡಿ, ಬೇಕಾದದ್ದನ್ನು ಬುಟ್ಟಿಗೂ ಬೇಡವಾದದ್ದನ್ನು ನೆಲಕ್ಕೂ ಹಾಕುತ್ತಿದ್ದ. ಅಕ್ಕಿಯಲ್ಲಿ ಕಲ್ಲು ಆರಿಸುವವರಿಗೂ ಅಷ್ಟು ಏಕಾಗ್ರತೆ ಇರುವುದಿಲ್ಲ. ಅವನ ಬೆನ್ನ ಹಿಂದೆ ಆರೇಳು ವರ್ಷದ ಹುಡುಗನೊಬ್ಬ ಕಾರುಗಳನ್ನು ತೂಗುಹಾಕುವ ಖಾಲಿ ಕೊಕ್ಕೆಗಳನ್ನೊಮ್ಮೆ, ತುಂಬಿದ ಬುಟ್ಟಿಯನ್ನೊಮ್ಮೆ ನೋಡುತ್ತ ನಿಂತಿದ್ದ. "ಅಮ್ಮಾ, ಆ ಅಂಕಲ್ಲೇ ಎಲ್ಲಾ ತಗೋತಿದಾರೆ" ಎಂದ. "ಸುಮ್ನಿರು ಪುಟ್ಟ, ಇನ್ನೊಂದ್ಸಲ ಬರೋಣ" ಎಂದು ತಾಯಿ ಅವನ ಕೈ ಹಿಡಿದು ಎಳೆದುಕೊಂಡು ಹೋದರು. ಇದೇನಪ್ಪ ಎಂದು ಅಂಗಡಿಯ ಹುಡುಗನನ್ನು ಕೇಳಿದರೆ, "ಅವ್ರು ನಮ್ ರೆಗ್ಯುಲರ್ ಕಸ್ಟಮರ್ ಸಾರ್, ಬಾಕ್ಸ್ ಬಂದ್ ದಿನ ಫೋನ್ ಮಾಡು ಅಂದಿದಾರೆ" ಎಂಬ ಉತ್ತರ ಬಂತು. ಹದಿನಾಲ್ಕು ವರ್ಷಗಳಿಂದ ಅದೇ ಅಂಗಡಿಯಲ್ಲಿ ತೊಗರಿಬೇಳೆ ಕೊಳ್ಳುತ್ತಿರುವ ನಾನು ಯಾವ ಬಗೆಯ ಕಸ್ಟಮರೋ ತಿಳಿಯಲಿಲ್ಲ.

ಆ ಯುವಕ ಹುಡುಕುತ್ತಿದ್ದುದು ಏನನ್ನೆಂದು ನನಗೆ ಚೆನ್ನಾಗಿ ಗೊತ್ತು. 1995ರಲ್ಲಿ ಹಾಟ್ ವೀಲ್ಸ್‌ನವರು 12 ಕಾರುಗಳೊಡನೆ 'ಟ್ರೆಷರ್ ಹಂಟ್', ಅಂದರೆ ನಿಧಿ ಶೋಧ, ಎಂಬ ಸರಣಿಯನ್ನು ಆರಂಭಿಸಿದರು. ಸಾಮಾನ್ಯ ಕಾರುಗಳ ನಡುವೆ ವಿರಳವಾದ ಕೆಲವನ್ನು ಅದೇ ಬೆಲೆಗೆ, ಅದೇ ಪೆಟ್ಟಿಗೆಯಲ್ಲಿ ಬೆರೆಸಿ ಕಳಿಸುವುದೇ ಇದರ ಆಟ. 2007ರಿಂದ ಇದರಲ್ಲಿ ಎರಡು ದರ್ಜೆಗಳಾದವು. ಈಗ 'ಸೂಪರ್' ಎನಿಸಿಕೊಳ್ಳುವ ಮೇಲಿನ ದರ್ಜೆಯ ಕಾರಿಗೆ ಪ್ಲಾಸ್ಟಿಕ್ಕಿನ ಬದಲು ರಬ್ಬರ್ ಟೈರು, ಲೋಹ ಒಳಗಿನಿಂದ ಹೊಳೆಯುವಂತೆ ಕಾಣುವ ಸ್ಪೆಕ್ಟ್ರಾಫ್ಲೇಮ್ ಬಣ್ಣ, ಮೈಮೇಲೆ ಎಲ್ಲೋ ಒಂದೆಡೆ 'ಟಿ.ಎಚ್.' ಎಂಬ ಪುಟ್ಟ ಅಕ್ಷರಗಳು ಇರುತ್ತವೆ. 179 ರೂಪಾಯಿ ಮುದ್ರಿತ ಬೆಲೆಯ ಅಂಥ ಕಾರನ್ನು ಸಾವಿರಗಳ ಲೆಕ್ಕದಲ್ಲಿ ಕೇಳುವುದನ್ನು ನಾನೇ ಕಂಡಿದ್ದೇನೆ. ನಿಧಿಯನ್ನು ಹುಡುಕುವುದು ಆಟ. ನಿಧಿ ಹೂಳುವ ಮೊದಲೇ ಹೂಳುವವನ ಕೈಗೆ ಕಾಸು ಕೊಟ್ಟು ಕಿಸೆಗೆ ಹಾಕಿಕೊಳ್ಳುವುದು ಯಾವ ಆಟ?

ಕೊಕ್ಕೆಗೆ ಬರುವ ಮೊದಲೇ ಎಂಬುದೇ ನನ್ನ ತಕರಾರಿನ ತಿರುಳು. (ನಮ್ಮ ಸಂಗ್ರಾಹಕರ ಭಾಷೆಯಲ್ಲಿ ಈ ಕೊಕ್ಕೆಗೆ 'ಪೆಗ್' ಎನ್ನುತ್ತಾರೆ. "ಇವತ್ತು ಒಂದೇ ಒಂದು ಪೆಗ್ಗೂ ಸಿಗಲಿಲ್ಲ" ಎಂದು ನಾನು ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡ ನಮ್ಮ ಮಾವನವರು ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.) ಕೊಕ್ಕೆಗೆ ಬಂದ ಮೇಲೆ ನನಗಿಂತ ಮೊದಲು ಬಂದವರು ಒಳ್ಳೆಯದನ್ನು ಆರಿಸಿಕೊಂಡರೆ ಅದು ಅವರ ಅದೃಷ್ಟ. ಹೊಟ್ಟೆ ಉರಿದರೂ ಒಪ್ಪಿಕೊಳ್ಳುತ್ತೇನೆ. ಆದರೆ ಗೋದಾಮಿನಿಂದ ಬಂದ ಪೆಟ್ಟಿಗೆ ಕೊಕ್ಕೆಯ ಮುಖವನ್ನೇ ನೋಡದೆ ಒಬ್ಬನ ಸ್ಕೂಟರಿನ ಡಿಕ್ಕಿಗೆ ಹೋದರೆ, ಸಂಜೆ ಐದಕ್ಕೆ ಶಾಲೆ ಬಿಟ್ಟು ಬರುವ ಮಗುವಿಗೆ ಅದೃಷ್ಟಪರೀಕ್ಷೆಗಾದರೂ ಅವಕಾಶ ಎಲ್ಲಿದೆ?

ನನಗೆ ಈ ಚಟ ಹತ್ತಿದ್ದೂ ಕೊಕ್ಕೆಯಿಂದಲೇ. ನಮ್ಮ ಮೈಸೂರಿನ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುವಾಗ ಕೆಳಗೆ ಮಣ್ಣು ಹರಡಿ, ರಾಗಿ ಚೆಲ್ಲಿ, ಪೈರು ಬರಿಸಿ ಪಾರ್ಕು ಮಾಡುವುದುಂಟಲ್ಲ, ಆ ಪಾರ್ಕಿನ ರಸ್ತೆಗೆ ಕಾರು ಬೇಕೆಂದು ಮಗಳು ಹಟ ಹಿಡಿದಿದ್ದಳು. ಔಷಧಿ ಅಂಗಡಿಯೊಂದರ ಮೂಲೆಯ ಕೊಕ್ಕೆಯಲ್ಲಿ, ಕೆಮ್ಮಿನ ಸಿರಪ್ಪಿನ ಜಾಹೀರಾತಿನ ಕೆಳಗೆ, ಡಾಟ್ಸನ್ ಬ್ಲೂಬರ್ಡ್ 510 ಎಂಬ ಹಾಟ್ ವೀಲ್ಸ್ ಕಾರು ತೂಗಾಡುತ್ತಿತ್ತು. ಮನೆಗೆ ತಂದು ಬಿಚ್ಚಿ ಅಂಗೈ ಮೇಲಿಟ್ಟುಕೊಂಡಾಗ, ಬೆರಳುದ್ದದ ವಸ್ತುವಿಗೆ ಇಷ್ಟು ತೂಕವೇ ಎನ್ನಿಸಿತು. ಸತುವಿನ ಮಿಶ್ರಲೋಹವನ್ನು ಕರಗಿಸಿ, ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ತುಂಬಿ ತೆಗೆದ ಮೈ ಅದು, ಮುಟ್ಟಿದರೆ ತಣ್ಣಗಿರುತ್ತದೆ. ತಿರುಗಿಸಿ ನೋಡಿದರೆ ತಳದಲ್ಲಿ ಇಸವಿ. ಅದು ವಿನ್ಯಾಸದ ಇಸವಿಯೇ ಹೊರತು ಆ ಕಾರು ತಯಾರಾದದ್ದಲ್ಲ. ತಯಾರಾದ ವರ್ಷವನ್ನೂ ವಾರವನ್ನೂ ಹೇಳುವುದು ಪಕ್ಕದಲ್ಲಿ ಒತ್ತಿರುವ ಒಂದು ಅಕ್ಷರ ಮತ್ತು ಎರಡು ಅಂಕಿ ಎಂದು ತಿಳಿಯುವ ಹೊತ್ತಿಗೆ ನಾನು ಕೈತಪ್ಪಿ ಹೋಗಿದ್ದೆ. ಮಗಳು ಮುಂದಿನ ದಸರೆಗೆ ಕಾರನ್ನು ಮರೆತಳು.

ಇನ್ನು, ಹೀಗೆ ಪೆಟ್ಟಿಗೆ ಬಾಚಿಕೊಂಡು ಹೆಚ್ಚಿನ ಬೆಲೆಗೆ ಮಾರುವವನ ಪರವಾಗಿ ನನ್ನ ಗೆಳೆಯರೊಬ್ಬರ ವಾದ. ಅವರು ಅರ್ಥಶಾಸ್ತ್ರ ಓದಿದವರು, ಈ ಬರಹವನ್ನೂ ಓದುತ್ತಾರೆ. "ಅವನು ಪೆಟ್ರೋಲು ಸುಟ್ಟು, ಸಮಯ ವ್ಯಯಿಸಿ ಅಂಗಡಿ ಅಂಗಡಿ ಸುತ್ತುತ್ತಾನೆ. ಅದಕ್ಕೆ ಪ್ರತಿಫಲ ಬೇಡವೇ? ಬೇಡಿಕೆ ಇದ್ದಲ್ಲಿ ಬೆಲೆ ಏರುತ್ತದೆ" ಎನ್ನುತ್ತಾರೆ. ಸರಿ ಸ್ವಾಮಿ. ನಮ್ಮ ಕಾಲದಲ್ಲಿ ಚಿತ್ರಮಂದಿರದ ಮುಂದೆ ಹತ್ತಕ್ಕೆ ಇಪ್ಪತ್ತು, ಹತ್ತಕ್ಕೆ ಇಪ್ಪತ್ತು ಎಂದು ಪಿಸುಗುಡುತ್ತಿದ್ದವನೂ ಬಿಸಿಲಲ್ಲಿ ನಿಂತೇ ದುಡಿಯುತ್ತಿದ್ದ. ಅವನನ್ನು ನಾವು ಉದ್ಯಮಿ ಎಂದು ಕರೆದ ನೆನಪಿಲ್ಲ. ಮೇಲಾಗಿ 2011ರ ಪೊಟ್ಟಣ ಸರಕುಗಳ ನಿಯಮಾವಳಿಯ ಪ್ರಕಾರ ಚಿಲ್ಲರೆ ವ್ಯಾಪಾರಿಯಾಗಲಿ ಇನ್ನಾರೇ ಆಗಲಿ ಪೊಟ್ಟಣದ ಸರಕನ್ನು ಅದರ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ. ಬೆಲೆಯೇ ನನ್ನ ದೂರಲ್ಲ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದಾಗಲೂ ನಾನು ಗೊಣಗಿದ್ದು ನನ್ನ ಹೆಂಡತಿಯ ಎದುರು ಮಾತ್ರ. ಅದಾದರೋ ಎಲ್ಲರಿಗೂ ಒಂದೇ ಬೆಲೆ, ಎಲ್ಲರಿಗೂ ಒಂದೇ ಕೊಕ್ಕೆ.

ಈ ಗಾತ್ರದ ಕಾರು ಹುಟ್ಟಿದ ಬಗೆಯನ್ನು ನನ್ನ ಗೆಳೆಯರು ತಿಳಿದಿದ್ದರೆ ಚೆನ್ನಾಗಿತ್ತು. ಇಂಗ್ಲೆಂಡಿನ ಲೆಸ್ನಿ ಕಂಪನಿಯ ಜಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಗಳನ್ನು ಮಾತ್ರ ತರಬಹುದೆಂಬ ನಿಯಮವಿತ್ತು. ಅಪ್ಪ ಪುಟ್ಟದೊಂದು ರೋಡ್ ರೋಲರ್ ಮಾಡಿಕೊಟ್ಟರು. 1953ರಲ್ಲಿ ಆ ಕಂಪನಿಯ ಪುಟ್ಟ ಕಾರುಗಳಿಗೆ ಮ್ಯಾಚ್‌ಬಾಕ್ಸ್ ಎಂಬ ಹೆಸರೇ ಹುಟ್ಟಿತು. ಹಾಟ್ ವೀಲ್ಸ್ ಬಂದದ್ದು ಆಮೇಲೆ, 1968ರಲ್ಲಿ, 16 ಕಾರುಗಳೊಡನೆ. ಒಂದು ಮಗುವಿನ ಜೇಬಿನ ಅಳತೆಗೆ ಮಾಡಿದ ವಸ್ತುವಿಗೆ ಈಗ ಟಾರ್ಚ್ ಹಿಡಿದು ತಪಾಸಣೆ ನಡೆಯುತ್ತಿದೆ.

"ನೀವೇನು ಮಗುವೇ?" ಎಂದು ಕೇಳುವಿರಿ. ಅಲ್ಲ. ನಾನು ಸಾಚಾ ಮನುಷ್ಯನೂ ಅಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ, ಪರ್ಸು ಮನೆಯಲ್ಲಿ, ಮೊಬೈಲಿನ ಚಾರ್ಜು ಮುಗಿದಿದ್ದ ಹೊತ್ತಿನಲ್ಲಿ, ಕಾರೊಂದನ್ನು ಯಾರೂ ಕೈ ಹಾಕಲಾರರೆಂಬ ಭರವಸೆಯಿಂದ ನವಣೆ ಅಕ್ಕಿಯ ಪೊಟ್ಟಣಗಳ ಹಿಂದೆ ಅಡಗಿಸಿಟ್ಟು ಬಂದಿದ್ದೆ. ಮರುದಿನ ಬೆಳಿಗ್ಗೆ ಹೋದರೆ ಸಿರಿಧಾನ್ಯಗಳ ಮೇಲೆ ರಿಯಾಯಿತಿ ಘೋಷಣೆಯಾಗಿ ಆ ಕಪಾಟೇ ಬಾಗಿಲ ಬಳಿಗೆ ಬಂದಿತ್ತು. ಕಾರು ಇರಲಿಲ್ಲ. ಜನ ನವಣೆ ತಿನ್ನಲು ಶುರು ಮಾಡಿದ್ದಕ್ಕೆ ಸಂಕಟಪಟ್ಟ ಏಕೈಕ ಕನ್ನಡಿಗ ನಾನೇ ಇರಬೇಕು.

ಆದರೂ ಒಂದು ಕಾರನ್ನು ಅಡಗಿಸುವುದಕ್ಕೂ ಒಂದು ಪೆಟ್ಟಿಗೆಯನ್ನೇ ನುಂಗುವುದಕ್ಕೂ ವ್ಯತ್ಯಾಸವಿದೆ ಎಂದು ವಾದಿಸುತ್ತೇನೆ, ನಿನ್ನೆ ರಾತ್ರಿ ಹನ್ನೊಂದರವರೆಗೆ ಇನ್ನೂ ಗಟ್ಟಿಯಾಗಿ ವಾದಿಸುತ್ತಿದ್ದೆ. ಹನ್ನೊಂದಕ್ಕೆ ನಮ್ಮ ಸಂಗ್ರಾಹಕರ ವಾಟ್ಸಾಪ್ ಗುಂಪಿನಲ್ಲಿ ಮಾರಾಟಕ್ಕಿಟ್ಟ ಕಾರುಗಳ ಚಿತ್ರಗಳು ಬಿದ್ದವು. ಕಾರ್ಡುಗಳನ್ನು ಹರಡಿದ್ದ ನೆಲದ ಟೈಲ್ಸ್ ಆ ಅಂಗಡಿಯದೇ, ಅಂಚಿನಲ್ಲಿ ಬಟ್ಟೆ ಸೋಪಿನ ನೀಲಿ ಪೊಟ್ಟಣವೂ ಇಣುಕುತ್ತಿತ್ತು. ಎರಡನೆಯ ಸಾಲಿನಲ್ಲಿ ನನ್ನ ಬಳಿ ಇಲ್ಲದ ಬಣ್ಣದ ಡಾಟ್ಸನ್ 510 ಇತ್ತು, 600 ರೂಪಾಯಿ. 'ನನಗಿರಲಿ' ಎಂದು ಟೈಪಿಸಿದೆ. ಕಳಿಸಲಿಲ್ಲ. ಅಷ್ಟರಲ್ಲಿ ಅದನ್ನು ಬೇರೊಬ್ಬರು ಬುಕ್ ಮಾಡಿಯಾಗಿತ್ತು.