ಟಿಕೆಟಿನ ಕಿವಿರು ಎತ್ತಿ ನೋಡಿದರೆ

ಕಳೆದ ಭಾನುವಾರ ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ಅದರ ಹೊಟ್ಟೆಯಿಂದ ಹೊಳೆಯುವ ಕಾಗದವೊಂದು ಜಾರಿ ಚಹಾದ ಲೋಟದ ಪಕ್ಕ ಬಿತ್ತು. ಒಂದು ಬದಿಗೆ ಫುಟ್ಬಾಲ್ ವಿಶ್ವಕಪ್ಪಿನ ಚಿನ್ನದ ಬಣ್ಣದ ಚಿತ್ರ, ಇನ್ನೊಂದು ಬದಿಗೆ ಸ್ವಾತಂತ್ರ್ಯ ದೇವಿಯ ಪ್ರತಿಮೆ, ನಡುವೆ 'ಮಂಗಳೂರಿನಿಂದ ನೇರ ವಿಶ್ವಕಪ್ ಅಂಗಳಕ್ಕೆ' ಎಂಬ ದಪ್ಪಕ್ಷರದ ಸಾಲು. ವಿಮಾನ, ಹೋಟೆಲು, ಬೆಳಗಿನ ಉಪಾಹಾರ, ಬೇಕಾದವರಿಗೆ ಶುದ್ಧ ಸಸ್ಯಾಹಾರ, ನಗರದರ್ಶನ, ಪಂದ್ಯದ ಟಿಕೆಟ್, ಎಲ್ಲವೂ ಸೇರಿದೆಯಂತೆ. 'ಪಂದ್ಯದ ಟಿಕೆಟ್' ಎಂಬ ಪದದ ನೆತ್ತಿಯ ಮೇಲೆ ಮಾತ್ರ ಸಾಸಿವೆ ಕಾಳಿನಷ್ಟು ಸಣ್ಣ ನಕ್ಷತ್ರವೊಂದಿತ್ತು. ಕನ್ನಡಕ ಬದಲಿಸಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ನಕ್ಷತ್ರದ ಜೋಡಿಯನ್ನು ತಳದಲ್ಲಿ ಹುಡುಕಿ ತೆಗೆದೆ. 'ಲಭ್ಯತೆಗೆ ಒಳಪಟ್ಟು' ಎಂದಿತ್ತು. ಉಪಾಹಾರಕ್ಕೆ ನಕ್ಷತ್ರವಿರಲಿಲ್ಲ, ಇಡ್ಲಿ ಖಚಿತ, ಫುಟ್ಬಾಲ್ ಮಾತ್ರ ದೈವೇಚ್ಛೆ.

ಈ ಕರಪತ್ರ ಹಂಚಿದ ಪ್ರವಾಸ ಕಚೇರಿ ಹಿಂದೆ ಕಾಶಿ, ಗಯಾ, ವೇಳಾಂಕಣಿ ಪ್ರವಾಸಗಳಿಗೆ ಜನರನ್ನು ಬಸ್ಸು ಹತ್ತಿಸುತ್ತಿತ್ತು. ಆ ಕಾಲದ ವ್ಯವಹಾರದಲ್ಲಿ ಒಂದು ಭದ್ರತೆಯಿತ್ತು. ರೈಲು ಆರು ಗಂಟೆ ತಡವಾಗಲಿ, ಛತ್ರದ ಕೋಣೆಯಲ್ಲಿ ತಿಗಣೆ ಇರಲಿ, ಕಾಶಿಗೆ ತಲುಪಿದ ಮೇಲೆ ವಿಶ್ವನಾಥ ಅಲ್ಲಿ ಇರುತ್ತಿದ್ದ. ತೊಡೆಯ ಸ್ನಾಯು ಎಳೆದಿದೆಯೆಂದು ಆತ ಯಾವತ್ತೂ ಬೆಂಚಿನ ಮೇಲೆ ಕುಳಿತವನಲ್ಲ. 2024ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೆಸ್ಸಿಯನ್ನು ನೋಡಲು ದುಡ್ಡು ತೆತ್ತವರು ತೊಂಬತ್ತು ನಿಮಿಷವೂ ಅವರ ಬೆಂಚನ್ನೇ ನೋಡಿ, ಕೂಗಾಡಿ, ಕೊನೆಗೆ ಅರ್ಧ ಹಣ ವಾಪಸು ಪಡೆದದ್ದನ್ನು ಓದುಗರು ಮರೆತಿರಲಾರರು. ನಮ್ಮ ಕೋಲ್ಕತ್ತದ ಕಥೆಯನ್ನಂತೂ ಹೇಳುವುದೇ ಬೇಡ. 2025ರ ಡಿಸೆಂಬರ್ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಅದೇ ಮೆಸ್ಸಿಯನ್ನು ನೋಡಲು ಸಾವಿರಾರು ರೂಪಾಯಿ ಕೊಟ್ಟು ಕುಳಿತವರಿಗೆ ಕಂಡದ್ದು ಮಂತ್ರಿ ಮಹೋದಯರ ಬೆನ್ನು. ಆಮೇಲೆ ಕುರ್ಚಿಗಳು ಗಾಳಿಯಲ್ಲಿ ಹಾರಿದವು. ಆಟಗಾರನೇ ಮನೆ ಬಾಗಿಲಿಗೆ ಬಂದಾಗ ಈ ಅವಸ್ಥೆಯಾದರೆ, ಹದಿಮೂರು ಸಾವಿರ ಕಿಲೋಮೀಟರ್ ದೂರದ ಅಮೆರಿಕದ ಪಂದ್ಯವನ್ನು ನಮ್ಮ ವಿಮಾನ ನಿಲ್ದಾಣದ ಬಜ್ಪೆಯಿಂದ ತೋರಿಸುತ್ತೇನೆನ್ನುವವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಆ ಧೈರ್ಯದ ಬಲವೆಲ್ಲ ಒಂದು ಕ್ರಿಯಾಪದದಲ್ಲಿದೆ. ನಮ್ಮ ಕರಾವಳಿಯ ಕನ್ನಡದಲ್ಲಿ 'ಆಗ್ತದೆ' ಎಂಬುದಕ್ಕೆ ಇರುವಷ್ಟು ಅರ್ಥಗಳು ಯಾವ ನಿಘಂಟಿನಲ್ಲಿಯೂ ಇಲ್ಲ. ಒಪ್ಪಿಗೆಗೂ ಅದೇ, ಸಮಾಧಾನಕ್ಕೂ ಅದೇ, ಮಾತು ಮುಗಿಸಿ ಫೋನ್ ಇಡುವುದಕ್ಕೂ ಅದೇ. ಬಡಗಿಯ ಬಳಿ ಬಾಗಿಲು ಯಾವಾಗ ಎಂದು ಕೇಳಿದರೆ ಆಗ್ತದೆ. ಪಂಚಾಯತಿನಲ್ಲಿ ಖಾತೆ ಬದಲಾವಣೆ ಕೇಳಿದರೆ ಆಗ್ತದೆ. ವ್ಯಾಕರಣದ ಮೇಷ್ಟ್ರುಗಳು ಇದನ್ನು ವರ್ತಮಾನ ಕಾಲವೆನ್ನಬಹುದು, ಭವಿಷ್ಯತ್ತೆನ್ನಬಹುದು. ಅನುಭವಸ್ಥರು ಬಲ್ಲಂತೆ ಅದಕ್ಕೆ ಕಾಲವೇ ಇಲ್ಲ. 2022ರ ಕತಾರ್ ವಿಶ್ವಕಪ್ಪಿಗೆ ಹೊರಟ ನನ್ನ ಅಕ್ಕನ ಮಗ ನಗರದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟಿನ ವಿಷಯ ಕೇಳಿದಾಗಲೂ ಇದೇ ಉತ್ತರ ಬಂದಿತ್ತು. "ನೀವು ಟೆನ್ಶನ್ ಮಾಡ್ಬೇಡಿ ಮಾರಾಯ್ರೆ, ಟಿಕೆಟ್ ಆಗ್ತದೆ." ಮುಂಗಡ ಕೊಡುವವರೆಗೆ ಅವನು ಅಲ್ಲಿ 'ಸರ್' ಆಗಿದ್ದ, ಪೂರ್ತಿ ಹಣ ಸಂದ ಮೇಲೆ 'ಬ್ರದರ್' ಆದ, ದೋಹಾ ತಲುಪಿದ ಮೇಲೆ ಅವನ ಕರೆಯನ್ನು ಎತ್ತುವವರೇ ಇರಲಿಲ್ಲ.

ಕಟ್ಟಿದ್ದು 1,85,000 ರೂಪಾಯಿ. ಒಪ್ಪಂದವಾದದ್ದು ನವೆಂಬರ್ 26ರಂದು ಲುಸೈಲ್ ಕ್ರೀಡಾಂಗಣದಲ್ಲಿ ನಡೆದ ಅರ್ಜೆಂಟೀನಾ ಮತ್ತು ಮೆಕ್ಸಿಕೊ ಪಂದ್ಯಕ್ಕೆ. ಟಿಕೆಟಿಲ್ಲದೆ ಆ ದೇಶದೊಳಗೆ ಹೋದದ್ದಾದರೂ ಹೇಗೆ ಎಂದು ನೀವು ಕೇಳಬಹುದು. ಏಕೆಂದರೆ ಗುಂಪು ಹಂತದಲ್ಲಿ ಕತಾರಿಗೆ ಕಾಲಿಡಲು ಹಯ್ಯಾ ಕಾರ್ಡ್ ಬೇಕಿತ್ತು, ಹಯ್ಯಾ ಕಾರ್ಡಿಗೆ ಪಂದ್ಯದ ಟಿಕೆಟ್ ಬೇಕಿತ್ತು. ಆದರೆ ಟಿಕೆಟ್ ಇರುವ ಒಬ್ಬನು ಟಿಕೆಟ್ ಇಲ್ಲದ ಮೂವರನ್ನು ತಲಾ 500 ರಿಯಾಲ್ ಕಟ್ಟಿ ಅತಿಥಿಗಳಾಗಿ ಕರೆತರಬಹುದೆಂಬ ಸೌಲಭ್ಯವೂ ಇತ್ತು. ನಮ್ಮ ಏಜೆಂಟ್ ಮಹಾಶಯರು ಆ ಕಿಂಡಿಯನ್ನು ಕಂಡುಹಿಡಿದಿದ್ದರು. ನನ್ನ ಅಳಿಯ ತಾನು ಎಂದೂ ನೋಡದ, ಇಂದಿಗೂ ನೋಡದ, ಯಾವನೋ ಒಬ್ಬ ಪುಣ್ಯಾತ್ಮನ ಅತಿಥಿಯಾಗಿ ದೋಹಾದಲ್ಲಿ ಇಳಿದ. ಮದುವೆ ಮನೆಯಲ್ಲಿ ಹುಡುಗನ ಕಡೆಯವರೆಂದು ಹೇಳಿ ಊಟಕ್ಕೆ ಕುಳಿತವರನ್ನು ನಾನು ಬಲ್ಲೆ. ಒಂದು ದೇಶಕ್ಕೇ ಹಾಗೆ ನುಗ್ಗಿದವನು ನಮ್ಮ ಕುಟುಂಬದಲ್ಲಿ ಇವನೊಬ್ಬನೇ.

ವಸತಿ ಒಂದು ಫ್ಯಾನ್ ವಿಲೇಜ್‌ನಲ್ಲಿ. ಹಡಗಿನ ಕಂಟೇನರಿನಂಥ ಪೆಟ್ಟಿಗೆಗಳ ಸಾಲು, ರಾತ್ರಿಗೆ ಸುಮಾರು 200 ಡಾಲರ್, ಆ ಬಡಾವಣೆಗೆ ಇಟ್ಟ ಹೆಸರು ಫ್ರೀ ಜೋನ್. ಅದೇ ದೋಹಾದಲ್ಲಿ ಅವನ ಚಿಕ್ಕಮ್ಮನ ಮನೆಯಿತ್ತು, ಬಂಗುಡೆ ಸಾರಿತ್ತು, ಹಾಸಿಗೆಯಿತ್ತು. ಆದರೆ ಪ್ಯಾಕೇಜಿನಿಂದ ವಸತಿಯನ್ನು ಬಿಡಿಸಿ ಕೊಡುವ ಪದ್ಧತಿ ಇಲ್ಲವೆಂದು ಕಚೇರಿಯವರು ಹೇಳಿದ್ದರು. 'ಸ್ಥಳೀಯ ಸಾರಿಗೆ' ಎಂದು ಬೇರೆ ಎಂಟು ಸಾವಿರ ಹಿಡಿದಿದ್ದರು. ಹಯ್ಯಾ ಕಾರ್ಡ್ ಇದ್ದವರಿಗೆಲ್ಲ ದೋಹಾ ಮೆಟ್ರೊ ಉಚಿತವೆಂದು ಅವನಿಗೆ ಗೊತ್ತಾದದ್ದು ಅಲ್ಲಿನ ನಿಲ್ದಾಣದ ಗೇಟಿನಲ್ಲಿ. ಪಂದ್ಯದ ರಾತ್ರಿ ಲುಸೈಲ್‌ನಲ್ಲಿ 88,966 ಜನ ಸೇರಿದ್ದರೆಂದು ದಾಖಲೆಯಾಗಿದೆ. 88,967ನೆಯವನು ಅಲ್ ಬಿದ್ದಾ ಪಾರ್ಕಿನ ದೊಡ್ಡ ಪರದೆಯ ಮುಂದೆ ನಿಂತು, 64ನೇ ನಿಮಿಷದಲ್ಲಿ ಮೆಸ್ಸಿ ಹೊಡೆದ ಗೋಲನ್ನು ಮುಂದಿನವನ ಬಾವುಟದ ಸಂದಿಯಿಂದ ಕಂಡ. ಆ ಪಾರ್ಕಿಗೂ ಪ್ರವೇಶ ಉಚಿತ. ಅದೇ ಗೋಲನ್ನು ನಾನು ಮಂಗಳೂರಿನ ಬಿಜೈಯ ನನ್ನ ಕೋಣೆಯಲ್ಲಿ, ಮಧ್ಯರಾತ್ರಿ ದಾಟಿದ ಮೇಲೆ, ಮೊಬೈಲನ್ನು ದಿಂಬಿಗೆ ಒರಗಿಸಿ ಕಾಸು ಬಿಚ್ಚದೆ ನೋಡಿದೆ. ನನಗೆ ಬಾವುಟ ಅಡ್ಡವಿರಲಿಲ್ಲ.

ಉಡುಪಿ ನಮಗೆ ಕೂಗಳತೆಯಲ್ಲಿದೆ. ಈ ಜಗತ್ತು ಸತ್ಯವೆಂದು ಮಧ್ವಾಚಾರ್ಯರು ಅಲ್ಲಿ ಕುಳಿತು ಸಾಧಿಸಿ ಏಳು ಶತಮಾನಗಳು ಕಳೆದರೂ ನಮ್ಮ ಪ್ರವಾಸ ಕಚೇರಿಗಳು ಇನ್ನೂ ಮಾಯಾವಾದದಲ್ಲಿಯೇ ಉಳಿದಿವೆ: ಹಣ ಸತ್ಯ, ಟಿಕೆಟ್ ಮಿಥ್ಯೆ. ಕೆಲವರಿಗೆ 'ಭಾಗಶಃ ನೋಟದ ಆಸನ' ಎಂಬ ಕಂಬದ ಹಿಂದಿನ ಕುರ್ಚಿ ಸಿಗುತ್ತದೆ. ಅದನ್ನು ಸಮರ್ಥಿಸುತ್ತಾ ಏಜೆಂಟರೊಬ್ಬರು ಕನಕನ ಕಿಂಡಿಯನ್ನು ಉದಾಹರಿಸಿದ್ದನ್ನು ನಾನೇ ಕೇಳಿದ್ದೇನೆ. ಕನಕದಾಸರಿಂದ ಯಾರೂ ಮುಂಗಡ ಪಡೆದಿರಲಿಲ್ಲವೆಂಬುದನ್ನು ಅವರಿಗೆ ಜ್ಞಾಪಿಸಬೇಕಾಯಿತು.

ಇಷ್ಟರವರೆಗೆ ನಗುತ್ತಲೇ ಬರೆದೆ. ಮುಂದಿನದಕ್ಕೆ ನನಗೆ ನಗು ಬರುವುದಿಲ್ಲ. ಆಗ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಶೇ. 5ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಸಂಗ್ರಹಿಸಬೇಕೆಂಬ ನಿಯಮವಿತ್ತು. ಅದರಂತೆ ಇವನಿಂದ 9,250 ರೂಪಾಯಿಯನ್ನು ಪ್ರತ್ಯೇಕವಾಗಿ ಪಡೆದರು. ಅದು ಸರ್ಕಾರಕ್ಕೆ ಸಂದಾಯವಾದರೆ ಪ್ಯಾನ್ ಸಂಖ್ಯೆಯ ಮೇಲೆ ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಕಾಣಿಸಬೇಕು, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಮುಂದಿನ ಜುಲೈಯಲ್ಲಿ ಅವನೂ ನಾನೂ ಕುಳಿತು ಆ ಪಟ್ಟಿ ತೆರೆದೆವು. ಬ್ಯಾಂಕಿನ ಠೇವಣಿಯ ಬಡ್ಡಿಗೆ ಹಿಡಿದ ಮುನ್ನೂರು ಚಿಲ್ಲರೆ ರೂಪಾಯಿ ಇತ್ತು, ಇದಿರಲಿಲ್ಲ. ಅವನ ಅಮ್ಮ ಸೊಸೈಟಿಯಲ್ಲಿ ಎರಡು ಬಳೆ ಅಡವಿಟ್ಟು ತಂದ ಹಣವದು. ಕಚೇರಿಗೆ ಹೋದರೆ 'ಮೇಲಿನವರು' ಬೆಂಗಳೂರಿನಲ್ಲಿದ್ದಾರೆಂದರು, ಬೆಂಗಳೂರಿನವರು ಟಿಕೆಟ್ ಒದಗಿಸಬೇಕಾದವರು ದುಬೈಯಲ್ಲಿದ್ದಾರೆಂದರು, ದುಬೈಯ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದೆ. ಅವನು, "ಬಿಡಿ ಮಾವ, ರಜೆ ಹಾಕಿದ್ರೆ ಆ ಸಂಬಳವೂ ಹೋಗ್ತದೆ" ಎಂದ. ಈ 'ಬಿಡಿ' ಎಂಬ ಮಾತನ್ನು ಲೆಕ್ಕ ಹಾಕಿಯೇ ಇವರು ವ್ಯಾಪಾರಕ್ಕೆ ಇಳಿಯುತ್ತಾರೆ. ಯಾರದೋ ಒಂದು ವರ್ಷದ ಉಳಿತಾಯವನ್ನು ನುಂಗಿ, ಮರುದಿನ ಅದೇ ಮೇಜಿನ ಹಿಂದೆ ಊದುಬತ್ತಿ ಹಚ್ಚಿ ಕುಳಿತುಕೊಳ್ಳುವುದಕ್ಕೆ ಎಂಥ ಎದೆ ಬೇಕೋ ನನಗೆ ತಿಳಿಯದು.

ಇಂಗ್ಲೆಂಡಿಗೆ ಕಳುಹಿಸುವವರ ಶೈಲಿ ಬೇರೆ, ಸ್ವಲ್ಪ ಗೂಢಚಾರಿಕೆಯದು. ಅಲ್ಲಿ ಫುಟ್ಬಾಲ್ ಟಿಕೆಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರ ಕಾಯಿದೆಯ 166ನೇ ಕಲಮಿನ ಪ್ರಕಾರ ಅಪರಾಧ. ನಮ್ಮ ಪರಿಚಯದ ವೈದ್ಯರೊಬ್ಬರು ದೊಡ್ಡ ಕ್ಲಬ್ಬೊಂದರ ಪಂದ್ಯಕ್ಕೆ ಹೋದಾಗ, ಹೋಟೆಲಿನ ಹೊರಗೆ ಟೋಪಿ ತೊಟ್ಟ ಯುವಕನೊಬ್ಬ ಬಂದು ಅವರ ಕೈಗೆ ಹಳೆಯ ಮೊಬೈಲೊಂದನ್ನು ಕೊಟ್ಟನಂತೆ. ಯಾವುದೋ ಸೀಸನ್ ಟಿಕೆಟ್‌ದಾರನ ಪಾಸ್ ಅದರಲ್ಲಿತ್ತು. ಗೇಟಿನಲ್ಲಿ ತೋರಿಸಬೇಕು, ಪಕ್ಕದವರೊಡನೆ ಹೆಚ್ಚು ಮಾತಾಡಬಾರದು, ಯಾರಾದರೂ ಕೇಳಿದರೆ ಗೆಳೆಯನ ಸೀಟು ಎನ್ನಬೇಕು, ಮುಗಿದ ಮೇಲೆ ಮೊಬೈಲ್ ಹಿಂದಿರುಗಿಸಬೇಕು. ಮೂವತ್ತು ವರ್ಷ ವೈದ್ಯವೃತ್ತಿ ಮಾಡಿ ಊರಿನಲ್ಲಿ ಗೌರವದಿಂದ ಬಾಳಿದವರು, ಎರಡು ಗಂಟೆ ಕಾಲ ಕಳ್ಳನಂತೆ ಕುಳಿತು, ತಮ್ಮ ತಂಡ ಗೋಲು ಹೊಡೆದಾಗ ಎದ್ದು ಕೂಗಬಹುದೇ ಎಂದು ಅಕ್ಕಪಕ್ಕ ನೋಡಿದರಂತೆ. ಆದರೂ ಅವರು ಭಾಗ್ಯವಂತರು. ಟಿ.ವಿ. ವಾಹಿನಿಗಳ ಅನುಕೂಲಕ್ಕೆಂದು ಶನಿವಾರದ ಪಂದ್ಯವನ್ನು ಸೋಮವಾರ ರಾತ್ರಿಗೆ ತಳ್ಳುವುದು ಅಲ್ಲಿನ ಲೀಗಿನಲ್ಲಿ ಮಾಮೂಲು. ಭಾನುವಾರ ಮರಳುವ ವಿಮಾನ ಹಿಡಿದವರು ಕ್ರೀಡಾಂಗಣದ ಗೋಡೆ ಮುಟ್ಟಿ ಬಂದಿದ್ದಾರೆ.

ಹೀಗೆಂದು ಸಣ್ಣ ಮೀನನ್ನೇ ಬೈಯುತ್ತಾ ಕುಳಿತರೆ ತಿಮಿಂಗಿಲಕ್ಕೆ ಅನ್ಯಾಯವಾಗುತ್ತದೆ. 2026ರ ವಿಶ್ವಕಪ್ಪಿಗೆ ಅದನ್ನು ನಡೆಸುವ ಫಿಫಾ ಸಂಸ್ಥೆಯೇ ಬೇಡಿಕೆಗೆ ತಕ್ಕಂತೆ ಏರುವ ಬೆಲೆಯ ಪದ್ಧತಿಯನ್ನು ತಂದಿದೆ. ಅದರ ಅಧಿಕೃತ ಮರುಮಾರಾಟದ ವೇದಿಕೆಯಲ್ಲಿ ಮಾರುವವನಿಂದ ಶೇ. 15, ಕೊಳ್ಳುವವನಿಂದ ಶೇ. 15. ಕಾಳಸಂತೆಯನ್ನು ನಿಲ್ಲಿಸುವ ಉತ್ತಮ ಉಪಾಯವೆಂದರೆ ಅದನ್ನು ತಾವೇ ನಡೆಸುವುದು ಎಂಬ ಈ ತತ್ತ್ವವನ್ನು ನಾನು ಮೆಚ್ಚಿದೆ. ನಮ್ಮ ಮೀನಿನ ದಕ್ಕೆಯಲ್ಲಿಯೂ ಹರಾಜಿನವರು ಕಮಿಷನ್ ಹಿಡಿಯುತ್ತಾರೆ, ಜೂನ್ ಒಂದರಿಂದ 61 ದಿನ ಯಾಂತ್ರಿಕ ಮೀನುಗಾರಿಕೆ ನಿಂತಾಗ ಬಂಗುಡೆಯ ಬೆಲೆಯೂ ಏರುತ್ತದೆ. ಆದರೆ ಬುಟ್ಟಿಯ ಮುಂದೆ ಕುಳಿತ ಮೀನಿನ ಅಕ್ಕ ಕಿವಿರು ಎತ್ತಿ ನೋಡಲು ಬಿಡುತ್ತಾಳೆ. ಕೆಂಪಗಿದ್ದರೆ ತೆಗೆದುಕೊಳ್ಳಿ, ಇಲ್ಲವಾದರೆ ಮುಂದೆ ನಡೆಯಿರಿ. ಟಿಕೆಟಿನ ಕಿವಿರು ಎಲ್ಲಿದೆಯೆಂದು ನಾನು ಬಹಳ ಹುಡುಕಿದ್ದೇನೆ.

ಈ ವಿಶ್ವಕಪ್ಪಿಗೆ ಜೂನ್ 11ರಿಂದ ಜುಲೈ 19ರವರೆಗೆ ಮೂರು ದೇಶ, 16 ನಗರ, 48 ತಂಡ, 104 ಪಂದ್ಯ. ಇಷ್ಟಿದ್ದೂ ನಮ್ಮ ತಂಡವಿಲ್ಲ; 1950ರ ವಿಶ್ವಕಪ್ಪಿಗೆಂದು ಬ್ರೆಜಿಲ್‌ಗೆ ಹೋಗುವ ಅವಕಾಶ ಕೈಗೆ ಬಂದರೂ ಹೋಗದೆ ಉಳಿದವರ ಋಣವನ್ನು ಅಭಿಮಾನಿಗಳೇ ವಿಮಾನ ಹತ್ತಿ ತೀರಿಸುತ್ತಿದ್ದಾರೆ. ಕರಪತ್ರದಲ್ಲಿ 'ಸ್ಯಾನ್ ಫ್ರಾನ್ಸಿಸ್ಕೊ ಪಂದ್ಯ, ನಗರದ ಹೃದಯಭಾಗದಲ್ಲಿ ವಸತಿ' ಎಂದಿದೆ. ಆ ಪಂದ್ಯ ನಡೆಯುವುದು ಸಾಂತಾ ಕ್ಲಾರಾದಲ್ಲಿ; ಹೆಚ್ಚುಕಡಿಮೆ ಮಂಗಳೂರಿನಲ್ಲಿ ಹಾಸಿಗೆ ಹಾಸಿ ಉಡುಪಿಯಲ್ಲಿ ಆಟ ನೋಡಿದಂತೆ. ನ್ಯೂಯಾರ್ಕ್ ಹೆಸರಿನ ಫೈನಲ್ ನಡೆಯುವುದು ನೆರೆರಾಜ್ಯದ ನ್ಯೂಜೆರ್ಸಿಯಲ್ಲಿ. ವೀಸಾದ ಮಾತು ಬಂದಾಗ ಕಚೇರಿಯವರು ಫಿಫಾ ಪಾಸ್ ಎಂಬ ಮಂತ್ರ ಹೇಳುತ್ತಾರೆ. ಅದು ನೇರವಾಗಿ ಫಿಫಾದಿಂದ ಟಿಕೆಟ್ ಕೊಂಡವರಿಗೆ ಸಂದರ್ಶನದ ದಿನಾಂಕವನ್ನು ಬೇಗ ಕೊಡಿಸುತ್ತದೆಯೇ ವಿನಾ ವೀಸಾವನ್ನಲ್ಲ. ಏಜೆಂಟರ ಮೂಲಕ ಹೋಗುವವನ ಬಳಿ ಅಂಥ ಟಿಕೆಟ್ ಇಲ್ಲ, ಟಿಕೆಟ್ ಇದ್ದವನಿಗೆ ಏಜೆಂಟರ ಅಗತ್ಯ ಅಷ್ಟಿಲ್ಲ. ಸಂದರ್ಶನಕ್ಕೆ 185 ಡಾಲರ್ ಕಟ್ಟಿ ಚೆನ್ನೈಗೆ ಹೋದವನನ್ನು ಅಧಿಕಾರಿ ಎರಡೇ ನಿಮಿಷದಲ್ಲಿ ಹಿಂದಕ್ಕೆ ಕಳುಹಿಸಿದರೆ ಆ ಹಣವೂ ವಾಪಸಿಲ್ಲ, ಪ್ಯಾಕೇಜಿನ ಮುಂಗಡವೂ ವಾಪಸಿಲ್ಲ. ಇದಕ್ಕೂ ಕರಪತ್ರದಲ್ಲಿ ನಕ್ಷತ್ರವಿದೆ, ಇನ್ನೂ ಸಣ್ಣದು.

ಕಟೀಲಿನ ಯಕ್ಷಗಾನ ಮೇಳದ ಹರಕೆಯಾಟವನ್ನು ಇಂದು ಬರೆಸಿದವರು ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆದರೆ ಆಟದ ದಿನ ಗದ್ದೆಯಲ್ಲಿ ಬಂದು ಕುಳಿತವನನ್ನು, ಅವನು ಯಾರ ಅತಿಥಿ, ಯಾವ ದರ್ಜೆ ಎಂದು ಯಾರೂ ಕೇಳುವುದಿಲ್ಲ. ಇದನ್ನು ಅಳಿಯನಿಗೆ ಹೇಳಿದೆ. ಮಹಿಷಾಸುರ ಪೆನಾಲ್ಟಿ ಹೊಡೆಯುವುದಿಲ್ಲವಲ್ಲ ಎಂದು ಅವನು ನಕ್ಕ. ಆ ನಗುವಿನಲ್ಲಿ ಏನೋ ಅಡಗಿದೆಯೆಂದು ಅನುಮಾನವಾಯಿತು.

ಮೊನ್ನೆ ಅಕ್ಕನ ಮನೆಗೆ ಹೋದಾಗ ದೇವರ ಕೋಣೆಯ ಗೂಡಿನಲ್ಲಿ ರಶೀದಿಯೊಂದು ಸಿಕ್ಕಿತು. ಮುಂಗಡ ಐವತ್ತು ಸಾವಿರ, ಅದೇ ಕಚೇರಿಯ ಮೊಹರು. ಹಳೆಯ ರಶೀದಿ ಪುಸ್ತಕ ಇನ್ನೂ ಮುಗಿದಿಲ್ಲವೆಂದು ತೋರುತ್ತದೆ: ಯಾತ್ರಾಸ್ಥಳ ಎಂಬಲ್ಲಿ ಅಚ್ಚಾಗಿದ್ದ 'ವೇಳಾಂಕಣಿ'ಯನ್ನು ನೀಲಿ ಶಾಯಿಯಲ್ಲಿ ಹೊಡೆದುಹಾಕಿ 'ಯು.ಎಸ್.ಎ.' ಎಂದು ಬರೆದಿದ್ದರು. ಟಿಕೆಟ್ ಎಂಬ ಕಲಮಿನ ಎದುರು ಒಂದೇ ಪದವಿತ್ತು, ಅದೂ ಕನ್ನಡದಲ್ಲಿ: ಆಗ್ತದೆ.