ಫೋನಿಗೆ ಬೈದರೆ ಮುಷ್ಟಿ ಗಟ್ಟಿಯಾಗುವುದಿಲ್ಲ

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಈ ವಾರ ಮತ್ತೆ ಅದೇ ಫಾರ್ವರ್ಡ್ ಬಂತು. 'ಮೊಬೈಲ್ ಹಿಡಿದು ಹಿಡಿದು ಯುವಕರ ಕೈಯ ಶಕ್ತಿಯೇ ಹೋಗುತ್ತಿದೆ, ಎಚ್ಚರ!' ಕೆಳಗೆ ಕೆಂಪು ಬಾಣ ಹಾಕಿದ ಕೈಯ ಎಲುಬಿನ ಚಿತ್ರ. ಸ್ವಲ್ಪ ಹೊತ್ತಿಗೆ ಹಿರಿಯರೆಲ್ಲ ಸಾಲಾಗಿ ಕೈ ಮುಗಿಯುವ ಇಮೋಜಿ ಹಾಕಿದರು. ಒಬ್ಬರು 'ನಮ್ಮ ಕಾಲದಲ್ಲಿ' ಅಂತ ಉದ್ದಕ್ಕೆ ಬರೆದರು. ಅಷ್ಟುದ್ದ ಟೈಪ್ ಮಾಡಿದ್ದು ಹೆಬ್ಬೆರಳಿನಲ್ಲೇ, ಅದು ಬೇರೆ ವಿಷಯ.

ಇಲ್ಲಿ ಎರಡು ಸಂಗತಿ ಕಲಸಿಹೋಗಿದೆ ಅಂತ ನನಗೆ ಅನಿಸುತ್ತದೆ. ಕೈ ನೋಯುವುದು ಒಂದು, ಕೈಯಲ್ಲಿ ಬಲ ಇಲ್ಲದಿರುವುದು ಇನ್ನೊಂದು. ನೋವಿನ ವಿಷಯದಲ್ಲಿ ಫೋನಿಗೆ ಧಾರಾಳವಾಗಿ ಬೈಯಿರಿ, ನಾನೂ ಸೇರಿಕೊಳ್ಳುತ್ತೇನೆ. ಬಲದ ವಿಷಯದಲ್ಲಿ ಮಾತ್ರ ತಪ್ಪೆಲ್ಲ ಅದರ ತಲೆಗೆ ಕಟ್ಟುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಅಕ್ಕನ ಮಗಳು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ಮನೆಯಲ್ಲಿ ಪೂಜೆ ಇದ್ದ ದಿನ ಅವಳ ಬ್ಯಾಗಿನಲ್ಲಿ ಮುಷ್ಟಿಯ ಬಲ ಅಳೆಯುವ ಸಾಧನವೂ ಬಂದಿತ್ತು. ಡೈನಮೋಮೀಟರ್ ಅಂತ ಹೆಸರು. ಒಂದು ಹಿಡಿಕೆ, ಅದಕ್ಕೊಂದು ಮುಳ್ಳಿರುವ ಡಯಲ್, ಅಷ್ಟೇ. ನೆಟ್ಟಗೆ ಕೂತು, ಮೊಣಕೈಯನ್ನು ಪಕ್ಕೆಗೆ ತಾಗಿಸಿ 90 ಡಿಗ್ರಿ ಮಡಚಿ, ಜೀವ ಬಿಟ್ಟು ಒತ್ತಬೇಕು. ಮೂರು ಸಲ ಒತ್ತಿಸಿ ಸರಾಸರಿ ತೆಗೆಯುತ್ತಾರೆ. ಒತ್ತುವಾಗ ಎಲ್ಲರೂ ಹಲ್ಲು ಕಚ್ಚಿಕೊಂಡು ಕುರ್ಚಿಯಿಂದ ಏಳುವವರೇ. 'ಕೂತ್ಕೊಳ್ಳಿ ಮಾವ, ಕೂತುಕೊಂಡೇ ಒತ್ತಬೇಕು' ಅಂತ ಹೇಳಿ ಹೇಳಿ ಅವಳಿಗೆ ಸಾಕಾಯಿತು.

ಊಟಕ್ಕೆ ಎಲೆ ಹಾಕುವವರೆಗೆ ಜಗಲಿಯಲ್ಲಿ ಅದೇ ಆಟ. ಮುಳ್ಳನ್ನು ಎಲ್ಲರಿಗಿಂತ ಮುಂದೆ ಓಡಿಸಿದವನು ನೆರೆಮನೆಯ ಹುಡುಗ. ಬಲಗೈಯಲ್ಲಿ ಹಿಡಿಕೆ ಒತ್ತುತ್ತಿದ್ದಾಗಲೂ ಅವನ ಎಡಗೈಯಲ್ಲಿ ರೀಲ್ಸ್ ಓಡುತ್ತಿತ್ತು. ಎಲ್ಲರಿಗಿಂತ ಹಿಂದೆ ಬಿದ್ದವನು ಎಂಟ್ರೆನ್ಸ್ ಪರೀಕ್ಷೆಗೆ ಓದುತ್ತಿರುವ ನಮ್ಮ ಸಂಬಂಧಿಕರ ಮಗ. ಅವನ ಫೋನು ಅಮ್ಮನ ಕಪಾಟಿನಲ್ಲಿ ಬೀಗದೊಳಗೆ ಉಂಟು. 'ಇವನು ಮೊಬೈಲ್ ಮುಟ್ಟುವುದೇ ಇಲ್ಲ' ಅಂತ ಅವರು ಸ್ವಲ್ಪ ಹೊತ್ತಿನ ಮೊದಲಷ್ಟೇ ಎಲ್ಲರಿಗೂ ಕೇಳುವಂತೆ ಹೇಳಿದ್ದರು.

ನೆರೆಮನೆಯ ಹುಡುಗ ದೋಟಿ ಕೆಲಸಕ್ಕೆ ಹೋಗುವವನು. ಕಾಸರಗೋಡಿನ ತೋಟಗಳ ಪರಿಚಯ ಇಲ್ಲದವರಿಗಾಗಿ ಹೇಳುತ್ತೇನೆ. ಅಡಿಕೆ ಮರ ಹತ್ತುವವರು ಸಿಗುವುದು ಕಷ್ಟವಾದ ಮೇಲೆ ನಮ್ಮಲ್ಲಿ ಕಾರ್ಬನ್ ಫೈಬರ್ ದೋಟಿ ಬಂತು. ಒಂದರೊಳಗೊಂದು ಸೇರುವ ಉದ್ದನೆಯ ಕೋಲು. ನೆಲದಲ್ಲೇ ನಿಂತು ಅದರಿಂದ ಗೊನೆ ಕೊಯ್ಯಬಹುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಬಹುದು. ಕೈಯಲ್ಲಿ ಹಿಡಿದರೆ ಹಗುರ ಅನಿಸುತ್ತದೆ. ಪೂರ್ತಿ ಎಳೆದು ಎತ್ತಿದ ಮೇಲೆ ಆಟ ಬೇರೆ. ತುದಿ ಗಾಳಿಗೆ ಒಂದು ಗೇಣು ವಾಲಿದರೂ ಬುಡ ಹಿಡಿದವನ ಮುಷ್ಟಿಗೆ ಗೊತ್ತಾಗುತ್ತದೆ. ಮದ್ದು ಬಿಡುವಾಗ ಪೈಪಿನ ಎಳೆತವೂ ಸೇರುತ್ತದೆ, ಕೈಯೆಲ್ಲ ಮೈಲುತುತ್ತು ಸುಣ್ಣದ ನೀರು ಹತ್ತಿ ಜಾರುತ್ತದೆ. ಒಂದು ಬೆಳಗ್ಗೆ ಈ ಕೆಲಸ ಮಾಡಿದವನ ಮುಂಗೈಯನ್ನು ಸುಮ್ನೆ ಒಮ್ಮೆ ಮುಟ್ಟಿ ನೋಡಿ. ಹಲಗೆ!

ಜಗಲಿಯಲ್ಲಿ ನಾಲ್ಕು ಜನರನ್ನು ಅಳೆದದ್ದು ಶಾಸ್ತ್ರ ಅಲ್ಲ, ನಿಜ. ಆದರೆ ಶಾಸ್ತ್ರೀಯವಾಗಿ ಅಳೆದವರ ಲೆಕ್ಕವೂ ಫಾರ್ವರ್ಡಿನಷ್ಟು ಖಡಾಖಂಡಿತವಾಗಿಲ್ಲ. 2015ರಲ್ಲಿ ಟರ್ಕಿಯ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಕೈ ಪರೀಕ್ಷಿಸಿದರು. ಫೋನನ್ನು ಅತಿಯಾಗಿ ಬಳಸುವವರಲ್ಲಿ ಹೆಬ್ಬೆರಳಿನ ನೋವು ಜಾಸ್ತಿ ಇತ್ತು, ಬೆರಳ ತುದಿಯಲ್ಲಿ ಚಿಮುಟಿ ಹಿಡಿಯುವ ಬಲ ಕಡಿಮೆ ಇತ್ತು, ಮಣಿಕಟ್ಟಿನಲ್ಲಿ ಹಾದುಹೋಗುವ ನಡುವಿನ ನರ ಉಬ್ಬಿತ್ತು. ಇಡೀ ಮುಷ್ಟಿಯ ಬಲಕ್ಕೆ ಬಂದರೆ ಕೆಲವು ಅಧ್ಯಯನಗಳಲ್ಲಿ ವ್ಯತ್ಯಾಸ ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಸಲ ಅಳೆದು ಮುಗಿಸಿದಂಥವು. ಫೋನ್ ಹಿಡಿದು ಬಲ ಕಡಿಮೆಯಾಯಿತೋ, ಮೊದಲೇ ಮೈ ಬಗ್ಗಿಸದವರು ಫೋನ್ ಹಿಡಿದು ಕೂತರೋ, ಒಂದೇ ಸಲದ ಅಳತೆಯಲ್ಲಿ ಗೊತ್ತಾಗುವುದು ಹೇಗೆ?

2016ರಲ್ಲಿ ಅಮೆರಿಕದಿಂದ ಇನ್ನೊಂದು ಲೆಕ್ಕ ಬಂತು. 20ರಿಂದ 34 ವರ್ಷದವರ ಮುಷ್ಟಿಯ ಬಲವನ್ನು 1985ರ ಅಳತೆಯ ಜೊತೆ ಹೋಲಿಸಿದ್ದರು. ಗಂಡಸರ ಬಲ ಎದ್ದು ಕಾಣುವಷ್ಟು ಇಳಿದಿತ್ತು. ಪತ್ರಿಕೆಗಳು ಇದಕ್ಕೂ ಫೋನಿನ ಚಿತ್ರ ಹಾಕಿ ಖುಷಿಪಟ್ಟವು. ಆದರೆ 1985ಕ್ಕೂ 2016ಕ್ಕೂ ನಡುವೆ ಬಂದದ್ದು ಫೋನೊಂದೇ ಅಲ್ಲ ಅಲ್ವಾ? ಕೆಲಸವೇ ಬದಲಾಗಿದೆ. ಕೈಯಲ್ಲಿ ಎತ್ತಿ, ತಿರುಗಿಸಿ, ಎಳೆದು ದುಡಿಯುತ್ತಿದ್ದ ಎಷ್ಟೋ ಜನರ ಜಾಗದಲ್ಲಿ ಈಗ ಯಂತ್ರ ಉಂಟು, ಆ ಜನರ ಮಕ್ಕಳು ಕುರ್ಚಿಯಲ್ಲಿದ್ದಾರೆ.

ಈಗ ಎಡಗೈಯಲ್ಲಿ ನಿಮ್ಮ ಬಲ ಮುಂಗೈಯನ್ನು ಹಿಡಿದು, ಬಲಮುಷ್ಟಿ ಕಟ್ಟಿ ಬಿಡಿ. ಒಳಗೆ ದಪ್ಪಗೆ ಏನೋ ಹುರಿಗಟ್ಟಿದ್ದು ಗೊತ್ತಾಗುತ್ತದೆ. ಬೆರಳನ್ನು ಜೋರಾಗಿ ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಅಲ್ಲಿ ಮುಂಗೈಯಲ್ಲಿವೆ. ಅವು ಬೆಳೆಯುವುದು ಭಾರಕ್ಕೆ. ಫೋನು ಎಷ್ಟು ಭಾರ? ಹೆಚ್ಚೆಂದರೆ 200 ಗ್ರಾಂ ಆಸುಪಾಸು. ಅದನ್ನು ಎಷ್ಟು ಗಂಟೆ ಹಿಡಿದರೂ ಈ ಸ್ನಾಯುಗಳಿಗೆ ಕೆಲಸ ಸಿಕ್ಕಿತು ಅಂತ ಆಗುವುದಿಲ್ಲ. ಹಾಗಂತ ಫೋನು ಅವುಗಳ ಬಲವನ್ನು ಹೀರಿಕೊಳ್ಳುವುದೂ ಇಲ್ಲ. ಕೈ ಬೇರೇನಾದರೂ ಮಾಡಬಹುದಾಗಿದ್ದ ಹೊತ್ತನ್ನು ಅದು ತಿನ್ನುತ್ತದೆ. ಆ ಹೊತ್ತನ್ನು ಟಿವಿ ತಿಂದರೂ ಅಷ್ಟೇ, ಗೈಡ್ ಪುಸ್ತಕ ತಿಂದರೂ ಅಷ್ಟೇ.

ನೋವಿನ ಕಥೆ ಹಾಗಲ್ಲ. ಅಲ್ಲಿ ಫೋನು ನೇರ ಆರೋಪಿ. ನಾಲ್ಕು ಬೆರಳು ಹಿಂದೆ, ಕಿರುಬೆರಳು ಕೆಳಗೆ ಆಧಾರ, ಹೆಬ್ಬೆರಳೊಂದೇ ಇಡೀ ಪರದೆ ಸುತ್ತಬೇಕು. ಹೆಬ್ಬೆರಳನ್ನು ಹೊರಗೆ ಎಳೆಯುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಕೊಳವೆಯೊಳಗಿಂದ ಹೋಗುತ್ತವೆ. ದಿನವಿಡೀ ಅತ್ತಿತ್ತ ಉಜ್ಜಿದರೆ ಆ ಕೊಳವೆಯ ಪೊರೆ ದಪ್ಪವಾಗುತ್ತದೆ, ರಜ್ಜು ಸರಾಗ ಓಡುವುದಿಲ್ಲ. ಡಿ ಕ್ವೆರ್ವೇನ್ ಅಂತ ಈ ತೊಂದರೆಗೆ ಹೆಸರು. ಸ್ವಿಟ್ಜರ್‌ಲೆಂಡಿನ ಸರ್ಜನ್ ಒಬ್ಬರು 1895ರಲ್ಲೇ ಇದರ ಬಗ್ಗೆ ಬರೆದಿದ್ದರು. ಆಗ ಯಾವ ರೀಲ್ಸ್ ಇತ್ತು? ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಗ್ಗಿಸಿ. ಹೆಬ್ಬೆರಳಿನ ಬುಡದಲ್ಲಿ ಚಳಕ್ ಅಂದರೆ ಅದೇ ಇರಬಹುದು.

ಈ ನೋವು ನಮ್ಮೂರಿಗೆ ಹೊಸದಲ್ಲ. ಕುಂಬಳೆ, ಮಂಜೇಶ್ವರದ ಕಡೆ ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಿದ್ದರು, ಈಗಲೂ ಕಟ್ಟುವವರಿದ್ದಾರೆ. ಮಡಿಲಲ್ಲಿ ಮೊರ, ಎಲೆ ಕತ್ತರಿಸು, ಹೊಗೆಸೊಪ್ಪು ತುಂಬು, ಉರುಟು, ತುದಿ ಮಡಚು, ನೂಲು ಸುತ್ತು. ಸಂಜೆಗೆ ಹೆಬ್ಬೆರಳಿನ ಬುಡಕ್ಕೆ ಎಣ್ಣೆ ಉಜ್ಜಿಕೊಂಡು ಕೂರುತ್ತಿದ್ದ ಹೆಂಗಸರನ್ನು ನೋಡಿಯೇ ನಾನು ಬೆಳೆದದ್ದು. ಆ ನೋವಿಗೆ ಯಾರೂ ಫಾರ್ವರ್ಡ್ ಮಾಡಲಿಲ್ಲ. ಈಗ ಅವರ ಮೊಮ್ಮಗಳು ಅದೇ ಜಾಗ ತೋರಿಸಿ 'ಅಜ್ಜಿ, ಇಲ್ಲಿ ಎಂತದೋ ನೋವು' ಅಂದರೆ ಮನೆಮಂದಿಯೆಲ್ಲ ಮೊಬೈಲಿಗೆ ಶಾಪ ಹಾಕುತ್ತಾರೆ. ಹಗುರವಾದ ಒಂದೇ ಚಲನೆಯನ್ನು ಬಿಡುವಿಲ್ಲದೆ ಮಾಡಿದರೆ ನೋಯುತ್ತದೆ, ಕೈಯಲ್ಲಿ ಏನಿದ್ದರೂ. ಮೊಮ್ಮಗಳಿಗೆ ಒಂದು ಅನುಕೂಲ ಉಂಟು. ಅವಳು ಫೋನ್ ಕೆಳಗಿಡಬಹುದು, ಹೊಟ್ಟೆಪಾಡಿಗೆ ತೊಂದರೆ ಇಲ್ಲ.

ಹಾಗಾಗಿ 'ನಮ್ಮ ಕಾಲದಲ್ಲಿ' ಅನ್ನುವ ಮಾವಂದಿರ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಬೇಡಿ. ಅವರಲ್ಲಿ ಎಷ್ಟು ಜನ ಸ್ವತಃ ಅಡಿಕೆ ಸುಲಿದಿದ್ದಾರೆ? ಅಂಗಳದಲ್ಲಿ ಒಣಗಿ ಕಲ್ಲಿನಂತಾದ ಅಡಿಕೆಯ ಸಿಪ್ಪೆಯನ್ನು ಕತ್ತಿಗೆ ಒತ್ತಿ ಬಿಡಿಸುತ್ತಿದ್ದದ್ದು ಕೆಲಸಕ್ಕೆ ಬರುತ್ತಿದ್ದ ಜನ. ಸುರಂಗ ತೋಡಿದ್ದೂ ಅವರೇ. ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲನ್ನು ಪಿಕ್ಕಾಸಿನಲ್ಲಿ ಕಡಿದು, ಕತ್ತಲೆಯಲ್ಲಿ ಬಗ್ಗಿಕೊಂಡೇ ಅಡ್ಡಕ್ಕೆ ಕೊರೆದು ನೀರು ತಂದವರ ಕೈ ನಿಜವಾಗಿ ಗಟ್ಟಿ ಕೈ. ಅದನ್ನು 'ನಮ್ಮ' ಕಾಲದ ಲೆಕ್ಕಕ್ಕೆ ಸೇರಿಸಿಕೊಳ್ಳುವ ಮೊದಲು ಸ್ವಲ್ಪ ಸಂಕೋಚ ಇರಬೇಕು. ಈಗ ಅಡಿಕೆ ಸುಲಿಯುವ ಯಂತ್ರ ಬಂದಿದೆ, ಬಾವಿಗೆ ಪಂಪು ಬಂದಿದೆ. ಒಳ್ಳೆಯದೇ ಆಯಿತು. ಕೊಡಪಾನ ಎತ್ತಿ ಎತ್ತಿ ಸೊಂಟ ಹೋದ ಅಮ್ಮಂದಿರಿಗೆ ಹಳೆಯ ಕಾಲ ವಾಪಸ್ ಬೇಕಾ ಅಂತ ಕೇಳಿ ನೋಡಿ.

ಆದರೂ ಇದನ್ನು ಸುಮ್ಮನೆ ಬಿಡುವ ಹಾಗಿಲ್ಲ. ಮುಷ್ಟಿಯ ಬಲ ಜೀವನಪೂರ್ತಿ ಏರುತ್ತಾ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಸಾವಿರಾರು ಜನರ ಅಳತೆ ಸೇರಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅದು ಮೂವತ್ತರ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಗಂಡಸರಿಗೆ ಸುಮಾರು 51 ಕೆಜಿ, ಹೆಂಗಸರಿಗೆ 31 ಕೆಜಿ. ನಮ್ಮ ದೇಶದವರ ಅಂಕಿ ಅದಕ್ಕಿಂತ ಸಾಕಷ್ಟು ಕೆಳಗೇ ಇರುತ್ತದೆ. ಕೆಲವು ವರ್ಷ ಅಲ್ಲೇ ನಿಂತು, ಮತ್ತೆ ಇಳಿಜಾರು. ಅಂದರೆ ಇಪ್ಪತ್ತರ ಹರೆಯದಲ್ಲಿ ಬ್ಯಾಂಕಿಗೆ ಹಾಕಿದ್ದನ್ನೇ ಅರವತ್ತರ ನಂತರ ತೆಗೆದು ಖರ್ಚು ಮಾಡುವುದು. ನಮ್ಮ ಮಕ್ಕಳು ದಿನಕ್ಕೆ ಅತಿ ಹೆಚ್ಚು ಹೊತ್ತು ಪರದೆ ನೋಡುವುದು ಅದೇ ಹರೆಯದಲ್ಲಿ.

17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರನ್ನು ನೋಡಿದ ದೊಡ್ಡ ಅಧ್ಯಯನವೊಂದು 2015ರಲ್ಲಿ ಬಂತು. ನಮ್ಮ ದೇಶವೂ ಅದರಲ್ಲಿತ್ತು. ಮುಷ್ಟಿಯ ಬಲ 5 ಕೆಜಿ ಕಡಿಮೆ ಇದ್ದರೆ, ಅಧ್ಯಯನ ನಡೆದ ಅವಧಿಯಲ್ಲಿ ಸಾಯುವ ಅಪಾಯ ಶೇಕಡಾ 16ರಷ್ಟು ಹೆಚ್ಚು ಕಂಡಿತು. ಸಾವಿನ ಅಪಾಯ ಅಂದಾಜು ಮಾಡುವುದರಲ್ಲಿ ಬಿಪಿಗಿಂತ ಮುಷ್ಟಿಯೇ ಮುಂದಿತ್ತು. ಇದನ್ನು ಓದಿ ಸ್ಪಂಜಿನ ಚೆಂಡು ತಂದು ಟಿವಿ ಮುಂದೆ ಹಿಸುಕುತ್ತಾ ಕೂರುವವರಿದ್ದಾರೆ. ಅದಲ್ಲ ಸಂಗತಿ. ಮುಷ್ಟಿಯ ಬಲ ಇಡೀ ಮೈಯ ಸ್ಥಿತಿಯನ್ನು ತೋರಿಸುವ ಮುಳ್ಳು. ಮುಳ್ಳನ್ನಷ್ಟೇ ತಳ್ಳಿದರೆ ಏನು ಬಂತು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ವಾರಕ್ಕೆ ಕನಿಷ್ಠ 150 ನಿಮಿಷದ ಓಡಾಟದ ಜೊತೆಗೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಅಂತ. ಓಡಾಟ ಎಲ್ಲರಿಗೂ ನೆನಪಿದೆ, ಫೋನೇ ಹೆಜ್ಜೆ ಎಣಿಸಿ ಹೇಳುತ್ತದೆ. ಎರಡನೆಯದು ಯಾರ ತಲೆಯಲ್ಲೂ ಇಲ್ಲ.

ಜಿಮ್ಮೇ ಆಗಬೇಕು ಅಂತಿಲ್ಲ. ಎರಡು ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಅಂಗಳದಲ್ಲಿ ನಡೆಯುವುದು, ಗಟ್ಟಿಯಾದ ಕೊಂಬೆಗೋ ಕಂಬಿಗೋ ಜೋತು ಬೀಳುವುದು, ಒದ್ದೆ ಬೈರಾಸನ್ನು ಎರಡೂ ದಿಕ್ಕಿಗೆ ಹಿಂಡುವುದು. ಭಾರವನ್ನು ವಾರ ವಾರ ಸ್ವಲ್ಪ ಏರಿಸಬೇಕು, ಇಲ್ಲದಿದ್ದರೆ ಕೈ ಅಷ್ಟಕ್ಕೇ ಒಗ್ಗಿ ನಿಲ್ಲುತ್ತದೆ. ಇನ್ನು ಕಬಡ್ಡಿ. ನಮ್ಮಲ್ಲಿ ಊರಿಗೊಂದು ಕ್ಲಬ್ಬು, ಕ್ಲಬ್ಬಿಗೊಂದು ಜೆರ್ಸಿ. ಕಾಲು ಹಿಡಿದವನು ಬಿಡದೇ ಇರುವುದೇ ಅದರಲ್ಲಿ ಅರ್ಧ ಆಟ. ಬೇಜಾರಿನ ಸಂಗತಿ ಅಂದರೆ ಹುಡುಗಿಯರಿಗೆ ಇದಾವುದೂ ಇಲ್ಲ. ಅಷ್ಟಮಿಯ ಮೊಸರುಕುಡಿಕೆಗೆ ಹುಡುಗರಿಗೆ ಜಾರುಕಂಬ, ಹಗ್ಗಜಗ್ಗಾಟ ಎಲ್ಲ ಇಟ್ಟು, ಹುಡುಗಿಯರಿಗೆ ಸಂಗೀತ ಕುರ್ಚಿ, ನಿಂಬೆ ಚಮಚ! ಕಡಿಮೆ ಬಲದ ಮುಷ್ಟಿಯಿಂದ ಶುರು ಮಾಡುವವರಿಗೆ ಚಮಚ ಹಿಡಿಸುವುದು ಯಾವ ನ್ಯಾಯ? ಈ ಸಲದ ಮೀಟಿಂಗಿನಲ್ಲಿ ಹೆಣ್ಣುಮಕ್ಕಳ ಹಗ್ಗಜಗ್ಗಾಟದ ಮಾತು ಎತ್ತುವವನಿದ್ದೇನೆ. ವಿರೋಧ ಬರುವುದು ಎಲ್ಲಿಂದ ಅಂತಲೂ ಗೊತ್ತು, ಅದೇ ವಾಟ್ಸಾಪ್ ಮಾವಂದಿರಿಂದ.

ನೋವಿರುವವರು ಮಾತ್ರ ಮೇಲಿನದ್ದನ್ನು ಈಗಲೇ ಶುರು ಮಾಡಬೇಡಿ. ಮೊದಲು ಹೆಬ್ಬೆರಳಿಗೆ ರಜೆ ಕೊಡಿ. ಉದ್ದದ ಮೆಸೇಜ್ ಇದ್ದರೆ ಮಾತಾಡಿ ಟೈಪ್ ಮಾಡಿಸಿ, ಈಗ ಕನ್ನಡವೂ ಚೆನ್ನಾಗಿಯೇ ಬರುತ್ತದೆ. ವಿಡಿಯೋ ನೋಡುವುದಾದರೆ ಫೋನನ್ನು ಚೊಂಬಿಗೆ ಒರಗಿಸಿಡಿ. ಮಲಗಿ ಮೊಣಕೈ ಮಡಚಿ ಗಂಟೆಗಟ್ಟಲೆ ನೋಡುವವರಿಗೆ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿಯುವುದುಂಟು, ಮೊಣಕೈಯ ನರ ಎಳೆದು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜುಮುಗುಟ್ಟಿ ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನ ನರದ ತಕರಾರು ಇರಬಹುದು. ಕೈಯಿಂದ ಲೋಟ ಜಾರುತ್ತಿದೆ, ಹೆಬ್ಬೆರಳಿನ ಬುಡದ ಮಾಂಸ ಇಳಿದಿದೆ ಅಂತ ಕಂಡರೆ ಎಣ್ಣೆ ತಿಕ್ಕುತ್ತಾ ದಿನ ದೂಡಬೇಡಿ. ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕಾದರೂ ಸರಿ, ಡಾಕ್ಟರಿಗೆ ತೋರಿಸಿ.