ಬಚ್ಚಲ ಒಲೆಯ ಲೆಕ್ಕ, ಬಿಸಿಲಿನ ನೀರು

ಮಾರ್ಚ್ ಬಂತೆಂದರೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಬಾವಿ ತಳ ಕಾಣುತ್ತದೆ. ಆಮೇಲೆ ಮಳೆ ಹಿಡಿಯುವ ತನಕ ಬೋರ್‌ವೆಲ್ ನೀರೇ ಗತಿ. ಕೊಡಕ್ಕೆ ಹಿಡಿದಾಗ ತಿಳಿಯಾಗಿಯೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೆಂಪು ಗಷ್ಟು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ಆ ಕೆಂಪಿಗೆ ಕಾರಣವಾದ ಕಬ್ಬಿಣದ ಅಂಶ ನೀರಿನಲ್ಲೇ ಉಳಿಯುತ್ತದೆ.

ಹೋದ ವರ್ಷ ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಒಂದು ಸೌರ ಬಟ್ಟಿ ಪೆಟ್ಟಿಗೆ ಮಾಡಿದೆ, ಬಿಸಿಲಿಗೆ ನೀರು ಆವಿಯಾಗಿ ಮತ್ತೆ ಹನಿಯಾಗಿ ಇಳಿಯುವಂಥದ್ದು. ಎರಡೂವರೆ ಅಡಿ ಉದ್ದ, ಎರಡಡಿ ಅಗಲದ ತಗಡಿನ ತಟ್ಟೆ, ಒಳಗೆ ಕಪ್ಪು ಬಣ್ಣ, ಮೇಲೆ ಹಳೆ ಕಿಟಕಿಯ ಗಾಜು ಓರೆಯಾಗಿ. ಬೋರ್ ನೀರು ಒಂದಿಂಚು ಹಾಕಿ ಮುಚ್ಚಿದರೆ ಹತ್ತು ಗಂಟೆಗೆಲ್ಲ ಗಾಜಿನ ಒಳಮೈ ಮಂಜಾಗುತ್ತದೆ. ಆಮೇಲೆ ಸಾಸಿವೆಯಷ್ಟು ಹನಿಗಳು. ಒಂದಕ್ಕೊಂದು ಸೇರಿ, ತೂಕ ಬಂದು, ಗಾಜಿನ ಬೆನ್ನು ಹಿಡಿದು ಕೆಳಗಿನ ದೋಣಿಗೆ ಜಾರುತ್ತವೆ. ಮೊದಲ ಸಲ ಗಾಜನ್ನು ತೀರಾ ಮಟ್ಟಸವಾಗಿ ಇಟ್ಟಿದ್ದೆ, ಹನಿಯೆಲ್ಲ ವಾಪಸ್ ತಟ್ಟೆಗೇ ಬಿತ್ತು.

ಸಂಜೆ ಅಳೆದರೆ ಸುಮಾರು ಒಂದು ಲೀಟರ್. "ಇಡೀ ದಿನ ಕಾದಿದ್ದಕ್ಕೆ ಇಷ್ಟೇ ನೀರನಾ?" ಅಂದರು ಅಮ್ಮ. ಅವರ ಪ್ರಶ್ನೆ ನ್ಯಾಯವಾದದ್ದೇ. ಹಂಡೆಯ ನೀರು ಕುದಿ ಬರಲು ಎಷ್ಟು ಸೌದೆ ಬೇಕೋ, ಅಷ್ಟೂ ನೀರು ಆವಿಯಾಗಿ ಹೋಗಲು ಅದರ ಏಳೆಂಟು ಪಟ್ಟು ಬೇಕು. ಆ ಸೌದೆಯನ್ನೆಲ್ಲ ಇಲ್ಲಿ ಬಿಸಿಲೇ ಉರಿಸಬೇಕು. ಅದಕ್ಕೇ ಒಳ್ಳೆ ಬಿಸಿಲಿನಲ್ಲೂ ಒಂದು ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರಿಗಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ.

ಆದರೂ ಆ ಒಂದು ಲೀಟರಿನಲ್ಲಿ ಕಬ್ಬಿಣವಿಲ್ಲ, ಉಪ್ಪಿಲ್ಲ. ಫ್ಲೋರೈಡ್ ಇರುವ ಪಾವಗಡದಂಥ ಕಡೆ ಅದೂ ತಟ್ಟೆಯಲ್ಲೇ ಉಳಿಯುತ್ತದೆ. ಪೆಟ್ರೋಲಿನಂತೆ ತಾನೇ ಆವಿಯಾಗುವ ವಿಷ ಸೇರಿದ್ದರೆ ಮಾತ್ರ ಇದನ್ನು ನಂಬಬೇಡಿ, ಅದು ನೀರಿನ ಜೊತೆಗೇ ಮೇಲೇರಿ ಬರಬಹುದು.

ನನಗೆ ಸಿಟ್ಟು ಬರುವುದು ಈ ಪೆಟ್ಟಿಗೆಯನ್ನು ಎಲ್ಲ ಊರಿಗೂ ಒಂದೇ ಮದ್ದು ಎಂಬಂತೆ ಹಂಚುವುದನ್ನು ನೋಡಿದಾಗ. ಚಿಲಿಯ ಲಾಸ್ ಸಲಿನಾಸ್‌ನಲ್ಲಿ 1872ರಲ್ಲೇ 4,000 ಚದರ ಮೀಟರಿಗೂ ಮಿಕ್ಕಿ ಗಾಜು ಹಾಸಿ, ಗಣಿಯ ಹೇಸರಗತ್ತೆಗಳಿಗೆ ದಿನಕ್ಕೆ 20,000 ಲೀಟರಿನಷ್ಟು ನೀರು ಇಳಿಸುತ್ತಿದ್ದರು. ಅದು ಮಳೆಯೇ ಕಾಣದ ಮರುಭೂಮಿ. ನಮ್ಮಲ್ಲಿ ಆಷಾಢದಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲ. ಆದರೆ 100 ಚದರ ಮೀಟರ್ ಹೆಂಚಿನ ಮಾಡಿನ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್! ಕಡಲಿನಿಂದ ಸೂರ್ಯನೇ ಬಟ್ಟಿ ಇಳಿಸಿ ತಂದ ನೀರು ಅದು. ಅದನ್ನು ಹಳ್ಳಕ್ಕೆ ಬಿಟ್ಟು, ಏಪ್ರಿಲ್‌ನಲ್ಲಿ ಕ್ಯಾನ್ ನೀರು ಕೊಳ್ಳುತ್ತೇವೆ. ಮಲೆನಾಡಿನಲ್ಲಿ ಮೊದಲು ಟ್ಯಾಂಕ್ ಕಟ್ಟಿಸಬೇಕು, ಗಾಜಿನ ಪೆಟ್ಟಿಗೆ ಆಮೇಲೆ.

ಹಾಗಂತ ನಾನು ಅದನ್ನು ಕಿತ್ತು ಹಾಕಿಲ್ಲ. ಇನ್ವರ್ಟರ್ ಬ್ಯಾಟರಿಗೆ ಈ ಬೇಸಿಗೆಯಲ್ಲಿ ಅಂಗಡಿಯಿಂದ ನೀರು ತಂದಿಲ್ಲ. ಅಪ್ಪಯ್ಯನ ಕುಡಿಯುವ ಚೊಂಬಿಗೂ ಅದೇ ನೀರು. ರುಚಿ ಸಪ್ಪೆ ಅನ್ನುತ್ತಾರೆ, ಆದರೂ ಅದನ್ನೇ ಕೇಳುತ್ತಾರೆ. ವಾರಕ್ಕೊಮ್ಮೆ ತಟ್ಟೆ ತೊಳೆಯುವಾಗ ಬೆರಳಿಗೆ ಹತ್ತುವ ಕೆಮ್ಮಣ್ಣಿನಂಥ ಕೆಸರನ್ನು ನೋಡಿದರೆ, ಇಷ್ಟು ವರ್ಷ ಇದನ್ನೇ ಕುಡಿಸಿದೆವಲ್ಲ ಅನ್ನಿಸಿ ಹೊಟ್ಟೆ ಚುರುಕ್ ಅನ್ನುತ್ತದೆ.

ಮಾಡುವ ಮನಸ್ಸಿದ್ದವರು ಕೇಳಿ, ಅಳತೆ ಕೊಡುತ್ತೇನೆ. ಗಾಜು ಅಂಟಿಸಿದ ಮೇಲೆ ಮೊದಲ ಮೂರ್ನಾಲ್ಕು ದಿನದ ನೀರನ್ನು ಕುಡಿಯಬೇಡಿ, ಅಂಟಿನ ವಾಸನೆ ಇರುತ್ತದೆ.